ಪುಸ್ತಕದಲ್ಲಿ ಇದ್ದದ್ದೇ ಉತ್ತರ: ಲೈಫ್ ಇನ್ ದ ಯುಕೆ ಪರೀಕ್ಷೆಯಿಂದ ಪೌರತ್ವದವರೆಗೆ

ಬ್ರಿಟನ್ನಿನಲ್ಲಿ ಕಾಯಂ ನೆಲೆಸಲು, ಅಲ್ಲಿನ ಪೌರತ್ವ ಪಡೆಯಲು ಬರೆಯಬೇಕಾದ ಲೈಫ್ ಇನ್ ದ ಯುಕೆ ಪರೀಕ್ಷೆಯ ಲೆಕ್ಕ ಸರಳ. 24 ಪ್ರಶ್ನೆ, 45 ನಿಮಿಷ, ಪಾಸಾಗಲು 18 ಸರಿಯುತ್ತರ. ಶುಲ್ಕ 50 ಪೌಂಡ್. 18 ತುಂಬದವರಿಗೂ 65 ತುಂಬಿದವರಿಗೂ ಈ ಪರೀಕ್ಷೆ ಬೇಡ. 2005ರ ನವೆಂಬರ್‌ನಲ್ಲಿ ಪೌರತ್ವ ಕೇಳುವವರಿಗೆಂದು ಶುರುವಾಗಿ, 2007ರ ಏಪ್ರಿಲ್‌ನಿಂದ ಕಾಯಂ ನೆಲೆಗೂ, ಅಂದರೆ ಇನ್‌ಡೆಫಿನಿಟ್ ಲೀವ್ ಟು ರಿಮೇನ್ ಎಂಬ ಐಎಲ್‌ಆರ್‌ಗೂ ಕಡ್ಡಾಯವಾಯಿತು. ಒಮ್ಮೆ ಪಾಸಾದರೆ ಅದೇ ಫಲಿತಾಂಶ ಐಎಲ್‌ಆರ್‌ಗೂ ನಡೆಯುತ್ತದೆ, ಮುಂದೆ ಪೌರತ್ವಕ್ಕೂ ನಡೆಯುತ್ತದೆ. ಹಾಗಾಗಿ ಹೆಚ್ಚಿನವರು ಐಎಲ್‌ಆರ್ ಅರ್ಜಿಯ ಹೊತ್ತಿಗೇ ಬರೆದು ಮುಗಿಸುತ್ತಾರೆ.

ಇದು ಬ್ರಿಟನ್ ಬಗ್ಗೆ ನಿಮಗೆ ಎಷ್ಟು ಗೊತ್ತು ಎಂದು ಕೇಳುವ ಪರೀಕ್ಷೆಯಲ್ಲ. ಒಂದೇ ಒಂದು ಪುಸ್ತಕವನ್ನು ಎಷ್ಟು ಗಮನವಿಟ್ಟು ಓದಿದ್ದೀರಿ ಎಂದು ಕೇಳುವ ಪರೀಕ್ಷೆ. ‘ಲೈಫ್ ಇನ್ ದ ಯುನೈಟೆಡ್ ಕಿಂಗ್‌ಡಮ್: ಎ ಗೈಡ್ ಫಾರ್ ನ್ಯೂ ರೆಸಿಡೆಂಟ್ಸ್’ ಎಂಬ ಸರ್ಕಾರಿ ಕೈಪಿಡಿಯ ಮೂರನೇ ಆವೃತ್ತಿ 2013ರಲ್ಲಿ ಬಂತು. ಪ್ರಶ್ನೆಗಳು ಅದರಾಚೆ ಹೋಗುವುದಿಲ್ಲ. ಹತ್ತು ವರ್ಷ ಇಲ್ಲೇ ದುಡಿದು, ದಿನಾ ಇಲ್ಲಿನ ಸುದ್ದಿ ಓದುವವರು ‘ನನಗೆ ಗೊತ್ತಿಲ್ಲದ್ದೇನಿದೆ’ ಎಂದು ಆ್ಯಪ್ ನೋಡಿಕೊಂಡು ಹೋಗಿ ಫೇಲಾಗುವುದುಂಟು. ಇಂಗ್ಲಿಷ್ ಮಾತಾಡಲು ಅಂಜುವ, ಆದರೆ ಪುಸ್ತಕವನ್ನು ಮೂರು ಸಲ ಸಾಲು ಸಾಲಾಗಿ ಓದಿದ ಗೃಹಿಣಿ ಹದಿನೈದು ನಿಮಿಷದಲ್ಲಿ ಪಾಸಾಗಿ ಬರುವುದೂ ಉಂಟು. ಡಿಪೆಂಡೆಂಟ್ ವೀಸಾದಲ್ಲಿ ಬಂದು, ‘ಇದು ನನ್ನ ಕೈಲಿ ಆಗುವ ಕೆಲಸವಲ್ಲ’ ಎಂದು ವರ್ಷಗಟ್ಟಲೆ ಮುಂದೂಡುವ ಹೆಣ್ಣುಮಕ್ಕಳಿಗೆ ಈ ಮಾತು ಗಟ್ಟಿಯಾಗಿ ಹೇಳಬೇಕು. ಎಸ್ಸೆಲ್ಸಿ ಸಮಾಜ ವಿಜ್ಞಾನ ಓದಿದ ರೀತಿ ನೆನಪಿದ್ದರೆ ಇದಕ್ಕೆ ಅಷ್ಟೇ ಸಾಕು.

ಪುಸ್ತಕದಲ್ಲಿ ಐದು ಅಧ್ಯಾಯ. ಮೊದಲನೆಯದು ಮೌಲ್ಯಗಳು, ಎರಡನೆಯದು ಯುಕೆ ಅಂದರೇನು. ಎರಡೂ ಸೇರಿ ಕೆಲವೇ ಪುಟ. ಮೂರನೆಯದು ಇತಿಹಾಸ, ದೊಡ್ಡದು. ನಾಲ್ಕನೆಯದು ಸಮಾಜ, ಹಬ್ಬ, ಆಟ, ಕಲೆ. ಐದನೆಯದು ಸರ್ಕಾರ, ಕಾನೂನು. ಎರಡನೇ ಅಧ್ಯಾಯ ಚಿಕ್ಕದೆಂದು ಹಾರಿಸಬೇಡಿ, ಸುಲಭದ ಅಂಕ ಅಲ್ಲೇ ಇದೆ. ಗ್ರೇಟ್ ಬ್ರಿಟನ್ ಅಂದರೆ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್. ಅದಕ್ಕೆ ಉತ್ತರ ಐರ್ಲೆಂಡ್ ಸೇರಿದರೆ ಯುಕೆ. ಐಲ್ ಆಫ್ ಮ್ಯಾನ್ ಮತ್ತು ಚಾನೆಲ್ ದ್ವೀಪಗಳು ಯುಕೆಯ ಭಾಗವಲ್ಲ. ಅವು ಕ್ರೌನ್ ಡಿಪೆಂಡೆನ್ಸಿ, ಅಂದರೆ ದೊರೆಯ ಅಧೀನದಲ್ಲಿದ್ದೂ ತಮ್ಮದೇ ಸರ್ಕಾರ ಇರುವ ದ್ವೀಪಗಳು. ಸೇಂಟ್ ಹೆಲೆನಾ, ಫಾಕ್‌ಲ್ಯಾಂಡ್ ಕೂಡ ಯುಕೆಯಲ್ಲ. ಅವು ಓವರ್‌ಸೀಸ್ ಟೆರಿಟರಿ, ಅಂದರೆ ಸಮುದ್ರದಾಚೆಯ ಬ್ರಿಟಿಷ್ ಪ್ರದೇಶ. ‘ಇವುಗಳಲ್ಲಿ ಯಾವ ಎರಡು ಕ್ರೌನ್ ಡಿಪೆಂಡೆನ್ಸಿ?’ ಎಂದು ನಾಲ್ಕು ಹೆಸರು ಒಟ್ಟಿಗೆ ಕೊಟ್ಟರೆ, ಎಲ್ಲವೂ ದ್ವೀಪವೇ ಆದ್ದರಿಂದ ತಲೆ ಗೊಂದಲವಾಗುತ್ತದೆ. ಎರಡು ಉತ್ತರ ಕೇಳುವ ಪ್ರಶ್ನೆಯಲ್ಲಿ ಎರಡೂ ಸರಿಯಿದ್ದರೆ ಮಾತ್ರ ಅಂಕ.

ಪ್ರಶ್ನೆಗಳು ನಾಲ್ಕು ಬಗೆ. ನಾಲ್ಕರಲ್ಲಿ ಒಂದು ಆರಿಸುವುದು, ನಾಲ್ಕರಲ್ಲಿ ಎರಡು ಆರಿಸುವುದು, ಸರಿಯೋ ತಪ್ಪೋ ಹೇಳುವುದು, ಕೊಟ್ಟ ಎರಡು ವಾಕ್ಯದಲ್ಲಿ ಯಾವುದು ಸರಿ ಎನ್ನುವುದು. ಕೊನೆಯ ಬಗೆಯಲ್ಲೇ ಹೆಚ್ಚು ಜನ ಎಡವುತ್ತಾರೆ. ಎರಡೂ ವಾಕ್ಯ ನಂಬುವಂತೆಯೇ ಇರುತ್ತವೆ, ಒಂದು ಇಸವಿಯಲ್ಲೋ ಒಂದು ವಯಸ್ಸಿನಲ್ಲೋ ಮಾತ್ರ ವ್ಯತ್ಯಾಸ. ಉದಾಹರಣೆಗೆ ಮಹಿಳೆಯರ ಮತದಾನ: 1918ರಲ್ಲಿ 30 ದಾಟಿದವರಿಗೆ ಸಿಕ್ಕಿತು, 1928ರಲ್ಲಿ ಗಂಡಸರಂತೆಯೇ 21ಕ್ಕೆ ಇಳಿಯಿತು, 1969ರಲ್ಲಿ ಎಲ್ಲರಿಗೂ 18 ಆಯಿತು. ಮೂರು ಇಸವಿ, ಮೂರು ವಯಸ್ಸು. ಈ ಜೋಡಿ ಬದಲಾಯಿಸಿ ಕೇಳಿದರೆ ಅರೆಬರೆ ನೆನಪು ಕೈ ಕೊಡುತ್ತದೆ.

ಇತಿಹಾಸದ ಅಧ್ಯಾಯಕ್ಕೆ ಬರೋಣ, ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಇಸವಿಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿದರೆ ಒಂದು ವಾರಕ್ಕೆ ಮರೆತುಹೋಗುತ್ತದೆ. ಎಳೆ ಹಿಡಿದು ಓದಿದರೆ ನಿಲ್ಲುತ್ತದೆ. ಮುಖ್ಯ ಎಳೆ ಒಂದೇ: ಅರಸನ ಕೈಯಲ್ಲಿದ್ದ ಅಧಿಕಾರ ಪಾರ್ಲಿಮೆಂಟಿಗೆ, ಅಲ್ಲಿಂದ ಜನಕ್ಕೆ ಹೇಗೆ ಬಂತು ಎನ್ನುವುದು. 1215ರ ಮ್ಯಾಗ್ನಾ ಕಾರ್ಟಾದಿಂದ ಹಿಡಿಯಿರಿ. ದೊರೆ ಜಾನ್ ಕೂಡ ಕಾನೂನಿಗೆ ಒಳಪಟ್ಟವನು ಎಂದು ಸರದಾರರು ಒಪ್ಪಿಸಿದ್ದು ಅಲ್ಲಿ. 1642ರಲ್ಲಿ ಒಂದನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ಯುದ್ಧ, 1649ರಲ್ಲಿ ಅರಸನ ತಲೆದಂಡ, ಆಮೇಲೆ ಅರಸನಿಲ್ಲದ ಆಡಳಿತದ ನಾಯಕ ಆಲಿವರ್ ಕ್ರಾಮ್‌ವೆಲ್. 1660ರಲ್ಲಿ ಎರಡನೇ ಚಾರ್ಲ್ಸ್ ಮರಳಿ ಬಂದ. ಅವನ ಕಾಲದಲ್ಲೇ 1665ರ ಪ್ಲೇಗು, 1666ರ ಲಂಡನ್ ಬೆಂಕಿ, 1679ರ ಹೇಬಿಯಸ್ ಕಾರ್ಪಸ್ ಕಾಯ್ದೆ. ನಮ್ಮ ಹೈಕೋರ್ಟುಗಳಲ್ಲಿ ಇವತ್ತಿಗೂ ಹಾಕುವ ಹೇಬಿಯಸ್ ಕಾರ್ಪಸ್ ಅರ್ಜಿಯ ಹೆಸರು ಇದೇ ಪರಂಪರೆಯದು ಎಂದು ಗೊತ್ತಿದ್ದರೆ ಇಸವಿ ತಾನಾಗಿ ಕೂರುತ್ತದೆ. 1688ರಲ್ಲಿ ಎರಡನೇ ಜೇಮ್ಸ್ ಓಡಿಹೋಗಿ ವಿಲಿಯಂ ಆಫ್ ಆರೆಂಜ್ ಬಂದದ್ದು ಗ್ಲೋರಿಯಸ್ ರೆವಲ್ಯೂಷನ್. ಮರುವರ್ಷವೇ ಅರಸನ ಅಧಿಕಾರಕ್ಕೆ ಮಿತಿ ಹಾಕಿದ ಬಿಲ್ ಆಫ್ ರೈಟ್ಸ್. 1721ರಿಂದ ಮೊದಲ ಪ್ರಧಾನಿ ಎನಿಸಿಕೊಂಡ ರಾಬರ್ಟ್ ವಾಲ್ಪೋಲ್, ಹೆಚ್ಚು ಜನಕ್ಕೆ ಮತ ಕೊಟ್ಟ 1832ರ ರಿಫಾರ್ಮ್ ಕಾಯ್ದೆ, ಅಲ್ಲಿಂದ 1918. ಒಂದನ್ನು ಹಿಡಿದರೆ ಮುಂದಿನದು ತಾನೇ ಕೈಗೆ ಬರುತ್ತದೆ.

ಎರಡನೇ ಎಳೆ, ದೇಶ ಒಂದಾದ ಬಗೆ. 1284ರಲ್ಲಿ ವೇಲ್ಸ್ ಇಂಗ್ಲೆಂಡಿನ ಕಿರೀಟಕ್ಕೆ ಸೇರಿತು. 1603ರಲ್ಲಿ ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ಒಬ್ಬನೇ ಅರಸ, 1707ರಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗೆ ಒಂದೇ ಪಾರ್ಲಿಮೆಂಟ್, 1801ರಲ್ಲಿ ಐರ್ಲೆಂಡ್ ಸೇರ್ಪಡೆ, 1922ರಲ್ಲಿ ಐರ್ಲೆಂಡ್ ಎರಡಾಯಿತು. ಧ್ವಜದ ಪ್ರಶ್ನೆಯೂ ಇದೇ ಎಳೆಯಲ್ಲಿದೆ. ಯೂನಿಯನ್ ಫ್ಲ್ಯಾಗ್‌ನಲ್ಲಿ ಇಂಗ್ಲೆಂಡಿನ ಸಂತ ಜಾರ್ಜ್, ಸ್ಕಾಟ್ಲೆಂಡಿನ ಆ್ಯಂಡ್ರ್ಯೂ, ಐರ್ಲೆಂಡಿನ ಪ್ಯಾಟ್ರಿಕ್ ಮೂವರ ಶಿಲುಬೆ ಇದೆ, ವೇಲ್ಸ್‌ನ ಡ್ರ್ಯಾಗನ್ ಇಲ್ಲ. ಏಕೆಂದರೆ 1606ರಲ್ಲಿ ಮೊದಲ ಧ್ವಜ ಮಾಡುವಾಗ ವೇಲ್ಸ್ ಆಗಲೇ ಇಂಗ್ಲೆಂಡಿನೊಳಗೆ ಸೇರಿಹೋಗಿತ್ತು.

ಎಂಟನೇ ಹೆನ್ರಿಯ ಆರು ಹೆಂಡತಿಯರು ಎಲ್ಲರಿಗೂ ತಲೆನೋವು. ಕನ್ನಡದಲ್ಲಿ ಇದಕ್ಕೊಂದು ತಾಳ ತಾನಾಗಿ ಸಿಗುತ್ತದೆ: ವಿಚ್ಛೇದನ, ಶಿರಚ್ಛೇದನ, ಸಾವು, ವಿಚ್ಛೇದನ, ಶಿರಚ್ಛೇದನ, ಉಳಿವು. ಹೆಸರು ಇದೇ ಸಾಲಿನಲ್ಲಿ: ಕ್ಯಾಥರಿನ್ ಆಫ್ ಅರಗಾನ್, ಆ್ಯನ್ ಬೊಲಿನ್, ಜೇನ್ ಸೀಮರ್, ಆ್ಯನ್ ಆಫ್ ಕ್ಲೀವ್ಸ್, ಕ್ಯಾಥರಿನ್ ಹೋವರ್ಡ್, ಕ್ಯಾಥರಿನ್ ಪಾರ್. ಮೊದಲ ಮೂವರಿಗೆ ಬದುಕಿ ಉಳಿದದ್ದು ಒಂದೊಂದು ಮಗು, ಮೂವರೂ ಪಟ್ಟಕ್ಕೆ ಬಂದರು. ಆದರೆ ಬಂದ ಕ್ರಮ ಹುಟ್ಟಿದ ಕ್ರಮವಲ್ಲ. ಕೊನೆಯವನಾದ ಎಡ್ವರ್ಡ್ ಮೊದಲು, ಆಮೇಲೆ ಮೇರಿ, ಆಮೇಲೆ ಎಲಿಜಬೆತ್. ಇಲ್ಲಿ ಇನ್ನೊಂದು ಗುಂಡಿ ಇದೆ. ಈ ಮೇರಿಯೇ ಬೇರೆ, ಸ್ಕಾಟ್ಲೆಂಡಿನ ರಾಣಿ ಮೇರಿಯೇ ಬೇರೆ. ಎರಡನೆಯವಳು ಎಲಿಜಬೆತ್‌ಗೆ ದಾಯಾದಿ. ಎಲಿಜಬೆತ್ ಕಾಲದಲ್ಲೇ ಅವಳ ತಲೆ ಕಡಿಸಲಾಯಿತು, ಅವಳ ಮಗನೇ 1603ರಲ್ಲಿ ಇಂಗ್ಲೆಂಡಿಗೂ ಅರಸನಾದ ಜೇಮ್ಸ್. ಇಬ್ಬರು ಮೇರಿಯರನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ಬರೆದು ಇಟ್ಟುಕೊಳ್ಳಿ.

ನಮಗೆ ಮೊದಲೇ ಗೊತ್ತಿರುವವರ ಮೂಲಕವೂ ಕೆಲವು ಇಸವಿ ಕಟ್ಟಿಹಾಕಬಹುದು. 1815ರ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ‘ಐರನ್ ಡ್ಯೂಕ್’ ವೆಲಿಂಗ್ಟನ್ ಬೇರೆ ಯಾರೂ ಅಲ್ಲ, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿ. 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ ಕಾರ್ನ್‌ವಾಲಿಸ್, ಅದಕ್ಕೆ ಮುಂಚೆ 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಶರಣಾದವನು. 1776ರಲ್ಲಿ ಅಮೆರಿಕ ಸ್ವಾತಂತ್ರ್ಯ ಘೋಷಿಸಿತು, 1783ರಲ್ಲಿ ಬ್ರಿಟನ್ ಒಪ್ಪಿಕೊಂಡಿತು ಎನ್ನುವುದರ ನಡುವೆ ಅವನನ್ನು ಇಟ್ಟರೆ ಸಾಕು. ಇವು ನೆನಪಿನ ಗೂಟಗಳು, ಪರೀಕ್ಷೆಯಲ್ಲಿ ಶ್ರೀರಂಗಪಟ್ಟಣ ಬರುವುದಿಲ್ಲ. ಭಾರತದ ಹೆಸರು ಬರುವ ಕಡೆ ಬೇರೆ: 1810ರಲ್ಲಿ ಲಂಡನ್ನಿನ ಜಾರ್ಜ್ ಸ್ಟ್ರೀಟ್‌ನಲ್ಲಿ ಹಿಂದೂಸ್ತಾನೆ ಕಾಫಿ ಹೌಸ್ ತೆರೆದು, ‘ಶಾಂಪೂಯಿಂಗ್’ ಎಂಬ ತಲೆ ಮಾಲೀಸನ್ನು ಇಲ್ಲಿಗೆ ತಂದ ಸೇಕ್ ದೀನ್ ಮಹಮದ್, ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಪರ ಹೋರಾಡಿದ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು, 1947ರ ಸ್ವಾತಂತ್ರ್ಯ, ಲೆಸ್ಟರ್‌ನ ದೀಪಾವಳಿ. ಮುಖ್ಯವಾಗಿ ಇಷ್ಟೇ. ನಮ್ಮ ಇತಿಹಾಸದ ದೃಷ್ಟಿಯಿಂದ ಇದು ತೀರಾ ಕಡಿಮೆ ಎನಿಸುತ್ತದೆ, ನನಗೂ ಹಾಗೇ ಅನಿಸಿದೆ. ಆದರೆ ಪರೀಕ್ಷೆಯ ಕೋಣೆಯಲ್ಲಿ ಪುಸ್ತಕ ಏನು ಹೇಳಿದೆಯೋ ಅದೇ ಉತ್ತರ.

ಲಂಡನ್ನಿಗೆ ಹೋಗುವುದಿದ್ದರೆ ಅರ್ಧ ಗಂಟೆಯ ನಡಿಗೆಯಲ್ಲಿ ಪುಸ್ತಕದ ಒಂದಷ್ಟು ಪುಟ ಕಣ್ಣಾರೆ ನೋಡಬಹುದು. ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರಲ್ಲಿ ಸ್ಥಾಪನೆಯಾದ ಬಸವಣ್ಣನವರ ಪುತ್ಥಳಿಯ ಹತ್ತಿರ ಶುರು ಮಾಡಿ. ಥೇಮ್ಸ್ ನದಿಯನ್ನು ಎಡಕ್ಕೆ ಇಟ್ಟುಕೊಂಡು ನಡೆದರೆ ಬಲಗಡೆ ಲ್ಯಾಂಬೆತ್ ಅರಮನೆ, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಇರುವ ಜಾಗ. ಮುಂದೆ ಸೇಂಟ್ ಥಾಮಸ್ ಆಸ್ಪತ್ರೆ, 1860ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ನರ್ಸುಗಳ ತರಬೇತಿ ಶಾಲೆ ತೆರೆದದ್ದು ಇದೇ ಆಸ್ಪತ್ರೆಯಲ್ಲಿ. ನದಿಯಾಚೆ ಪಾರ್ಲಿಮೆಂಟ್. ವೆಸ್ಟ್‌ಮಿನ್‌ಸ್ಟರ್ ಸೇತುವೆ ಹತ್ತಿದರೆ ಹಿಂದೆ ಲಂಡನ್ ಐ, ಮುಂದೆ ಎಲಿಜಬೆತ್ ಟವರ್. ಬಿಗ್ ಬೆನ್ ಎನ್ನುವುದು ಒಳಗಿನ ಗಂಟೆಯ ಹೆಸರು. ಸೇತುವೆಯ ಆ ತುದಿಯಲ್ಲಿ ರಥದ ಮೇಲೆ ನಿಂತವಳು ಬೌಡಿಕಾ, ರೋಮನ್ನರ ವಿರುದ್ಧ ಹೋರಾಡಿದ ಐಸಿನಿ ಜನಾಂಗದ ರಾಣಿ. ಹೀಗೆ ನೋಡಿದ್ದು ಮರೆಯುವುದಿಲ್ಲ.

ನಾಲ್ಕನೇ ಅಧ್ಯಾಯಕ್ಕೆ ಒಂದು ಪಟ್ಟಿ ಬೇಕೇ ಬೇಕು. ನಾಲ್ಕು ಸಂತರ ದಿನಗಳು: ವೇಲ್ಸ್‌ನ ಡೇವಿಡ್ ಮಾರ್ಚ್ 1, ಪ್ಯಾಟ್ರಿಕ್ ಮಾರ್ಚ್ 17, ಜಾರ್ಜ್ ಏಪ್ರಿಲ್ 23, ಆ್ಯಂಡ್ರ್ಯೂ ನವೆಂಬರ್ 30. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನಲ್ಲಿ ಮಾತ್ರ ತಮ್ಮ ಸಂತನ ದಿನಕ್ಕೆ ಸರ್ಕಾರಿ ರಜೆ. ಆಟಗಾರರ ಹೆಸರಿನ ಜೊತೆ ಒಂದೊಂದೇ ಸಾಧನೆ ನೆನಪಿಟ್ಟರೆ ಸಾಕು: ನಾಲ್ಕು ನಿಮಿಷದೊಳಗೆ ಮೈಲಿ ಓಡಿದ ರೋಜರ್ ಬ್ಯಾನಿಸ್ಟರ್ 1954, ವಿಶ್ವಕಪ್ ಎತ್ತಿದ ನಾಯಕ ಬಾಬಿ ಮೂರ್ 1966, ಎರಡು ಚಿನ್ನದ ಕೆಲ್ಲಿ ಹೋಮ್ಸ್ 2004.

ಐದನೇ ಅಧ್ಯಾಯದಲ್ಲಿ ಪುಸ್ತಕಕ್ಕೂ ಹೊರಗಿನ ಲೋಕಕ್ಕೂ ಅಂತರ ಬೀಳುತ್ತದೆ, ಇದನ್ನು ಗಮನವಿಟ್ಟು ನೋಡಬೇಕು. ಸ್ಕಾಟ್ಲೆಂಡಿನ ಕೋರ್ಟಿನಲ್ಲಿ ಅಪರಾಧಿ, ನಿರಪರಾಧಿ ಅಲ್ಲದೆ ‘ಸಾಬೀತಾಗಿಲ್ಲ’ ಎಂಬ ಮೂರನೇ ತೀರ್ಪು ಇದೆ ಎಂದು ಕೈಪಿಡಿ ಕಲಿಸುತ್ತಾ ಬಂದಿದೆ; 2025ರಲ್ಲಿ ಅಲ್ಲಿನ ಪಾರ್ಲಿಮೆಂಟ್ ಅದನ್ನು ತೆಗೆದುಹಾಕುವ ಕಾಯ್ದೆ ಪಾಸು ಮಾಡಿತು. ನಾಲ್ಕನೇ ಅಧ್ಯಾಯದಲ್ಲೂ ಇಂಥದ್ದಿದೆ: ಟಿವಿ ನೋಡಲು ಬೇಕಾದ ಲೈಸೆನ್ಸ್ 75 ದಾಟಿದವರಿಗೆಲ್ಲ ಪುಕ್ಕಟೆ ಎನ್ನುವುದು 2020ರ ಆಗಸ್ಟ್‌ಗೆ ಮುಗಿಯಿತು. 2022ರ ಸೆಪ್ಟೆಂಬರ್‌ನಿಂದ ರಾಣಿಯ ಬದಲು ಮೂರನೇ ಚಾರ್ಲ್ಸ್ ದೊರೆ. ಆವೃತ್ತಿ ಅದೇ ಇದ್ದರೂ ಮರುಮುದ್ರಣಗಳಲ್ಲಿ ಸಣ್ಣಪುಟ್ಟ ತಿದ್ದುಪಡಿ ಆಗಿರುತ್ತದೆ. ಆದ್ದರಿಂದ ಪರಿಚಯದವರು ಐದಾರು ವರ್ಷದ ಹಿಂದೆ ಬಳಸಿದ ಪ್ರತಿ ಇಸಿದುಕೊಳ್ಳಬೇಡಿ, ಹೊಸ ಮುದ್ರಣವನ್ನೇ ತನ್ನಿ. ಎಲ್ಲಿ ಅನುಮಾನ ಬಂದರೂ ನಿಮ್ಮ ಕೈಯಲ್ಲಿರುವ ಹೊಸ ಮುದ್ರಣದ ಸಾಲಿಗೆ ನಿಷ್ಠರಾಗಿರಿ. ಪುಕ್ಕಟೆ ಆ್ಯಪ್‌ಗಳ ತೊಂದರೆಯೂ ಇದೇ: ಹಳೇ ಪ್ರಶ್ನೆ, ಪುಸ್ತಕದಲ್ಲೇ ಇಲ್ಲದ ಪ್ರಶ್ನೆ ಎರಡೂ ಕಲೆಸಿಹೋಗಿರುತ್ತವೆ.

ದಿನಕ್ಕೆ ಮುಕ್ಕಾಲು ಗಂಟೆಯಂತೆ ನಾಲ್ಕು ವಾರ ಸಾಕು. ಮೊದಲ ಓದು ಕಥೆಯಂತೆ, ಗುರುತು ಹಾಕದೆ. ಎರಡನೇ ಓದಿನಲ್ಲಿ ಇಸವಿ, ಹೆಸರು, ಸಂಖ್ಯೆಗಳನ್ನು ನೋಟ್‌ಬುಕ್ಕಿಗೆ ಕನ್ನಡದಲ್ಲೇ ಬರೆದುಕೊಳ್ಳಿ. ಹೆಸರನ್ನು ಮಾತ್ರ ಇಂಗ್ಲಿಷಿನಲ್ಲೂ ಬರೆಯಿರಿ, ಪರದೆಯ ಮೇಲೆ ಅದನ್ನು ಗುರುತಿಸಬೇಕಲ್ಲ. ಅಣಕು ಪರೀಕ್ಷೆ ಕೊನೆಯ ವಾರಕ್ಕೆ ಇರಲಿ. ಸತತ ಐದಾರು ಸಲ 22 ದಾಟಿದರೆ ಧೈರ್ಯವಾಗಿ ಹೋಗಬಹುದು. 18 ಅಥವಾ 19ರಲ್ಲೇ ಆಡುತ್ತಿದ್ದರೆ ಇನ್ನೊಂದು ವಾರ ತಡೆಯಿರಿ.

ಬುಕಿಂಗ್ ಸರ್ಕಾರದ ಅಧಿಕೃತ ವೆಬ್‌ಸೈಟಿನಲ್ಲೇ ಮಾಡಬೇಕು, ಕನಿಷ್ಠ 3 ದಿನ ಮುಂಚೆ. ಅದೇ ಹೋಲಿಕೆಯ ಹೆಸರಿಟ್ಟುಕೊಂಡು ಹೆಚ್ಚು ಹಣ ಕೀಳುವ ತಾಣಗಳಿರುತ್ತವೆ; 50 ಪೌಂಡ್‌ಗಿಂತ ಜಾಸ್ತಿ ಕೇಳಿದರೆ ಅಲ್ಲಿಂದ ಹೊರಬನ್ನಿ. ಹೋಗಲಾಗದಿದ್ದರೆ 3 ದಿನ ಮುಂಚೆ ರದ್ದು ಮಾಡಿದರೆ ಹಣ ವಾಪಸ್, ಆಮೇಲೆ ಇಲ್ಲ.

ಓದಿನಲ್ಲಿ ಅಲ್ಲ, ಹೆಸರಿನಲ್ಲಿ ಮುಗ್ಗರಿಸುವವರು ನಮ್ಮ ಕಡೆ ಹೆಚ್ಚು. ಬುಕಿಂಗ್‌ನಲ್ಲಿ ಬರೆದ ಹೆಸರು, ತೋರಿಸುವ ಗುರುತಿನ ದಾಖಲೆಯ ಹೆಸರಿನೊಂದಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಹೊಂದದಿದ್ದರೆ ಒಳಗೆ ಬಿಡುವುದಿಲ್ಲ, ಹಣವೂ ಹೋಯಿತು. ಕನ್ನಡದವರ ಪಾಸ್‌ಪೋರ್ಟ್ ನೋಡಿ: ಒಬ್ಬರದ್ದರಲ್ಲಿ ಸರ್‌ನೇಮ್ ಜಾಗ ಖಾಲಿ, ಇನ್ನೊಬ್ಬರದ್ದರಲ್ಲಿ ಊರು ಮತ್ತು ಅಪ್ಪನ ಹೆಸರು ಎರಡೂ ಬಿಡಿಸಿ ಬರೆದಿದೆ, ಬ್ಯಾಂಕಿನಲ್ಲಿ ಬರೀ ಇನಿಷಿಯಲ್ ಇದೆ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿದ್ದು ಒಂದು ದಾಖಲೆಯಲ್ಲಿ ಉಂಟು, ಇನ್ನೊಂದರಲ್ಲಿ ಇಲ್ಲ. ಪಾಸ್‌ಪೋರ್ಟಿನ ಫೋಟೊ ಇರುವ ಪುಟವನ್ನು ಮುಂದೆ ಇಟ್ಟುಕೊಂಡು, ಅಲ್ಲಿದ್ದಂತೆಯೇ, ಅದೇ ಸ್ಪೆಲ್ಲಿಂಗಿನಲ್ಲಿ ತುಂಬಿ. ಇನಿಷಿಯಲ್ ಬಿಡಿಸಬೇಡಿ, ಬಿಡಿಸಿದ್ದನ್ನು ಮೊಟಕು ಮಾಡಬೇಡಿ. ಸರ್‌ನೇಮ್ ಖಾಲಿ ಇರುವವರು ಹಣ ಕಟ್ಟುವ ಮೊದಲೇ ಸಹಾಯವಾಣಿಗೆ ಬರೆದು, ಅವರು ಕೊಟ್ಟ ಉತ್ತರದ ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯದು. ಪಾಸ್‌ಪೋರ್ಟ್ ನವೀಕರಿಸಿದ್ದರೆ ಹೊಸ ನಂಬರನ್ನು ನಿಮ್ಮ ವೀಸಾದ ಆನ್‌ಲೈನ್ ದಾಖಲೆಯಾದ ಇ-ವೀಸಾ ಖಾತೆಗೆ ಸೇರಿಸುವುದು ಮರೆಯಬೇಡಿ.

ಪರೀಕ್ಷೆಯ ದಿನ ಅದೇ ಪಾಸ್‌ಪೋರ್ಟ್ ಕೈಯಲ್ಲಿರಲಿ. ಫೋನು, ವಾಚು, ಚೀಲ ಎಲ್ಲ ಹೊರಗೆ. ದಾಖಲೆ ನೋಡಿ, ಫೋಟೊ ತೆಗೆದು ಕಂಪ್ಯೂಟರ್ ಮುಂದೆ ಕೂರಿಸುತ್ತಾರೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ‘ಅಲ್ಲ’ ಎಂಬ ಅರ್ಥ ಬರುವ ಪದ ಪ್ರಶ್ನೆಯಲ್ಲಿದೆಯೇ, ಒಂದು ಉತ್ತರವೋ ಎರಡೋ ಎನ್ನುವುದನ್ನು ಪ್ರತಿ ಸಲ ನೋಡಿ. ಫಲಿತಾಂಶ ಕಾಯಿಸುವುದಿಲ್ಲ. ಪಾಸಾದರೆ ಒಂದು ವಿಶಿಷ್ಟ ಸಂಖ್ಯೆ ಸಿಗುತ್ತದೆ. 2019ರ ಡಿಸೆಂಬರ್‌ಗೆ ಮುಂಚಿನಂತೆ ಕಾಗದದ ಪತ್ರವಿಲ್ಲ. ಆ ಸಂಖ್ಯೆಯನ್ನು ಎರಡು ಕಡೆ ಬರೆದಿಡಿ, ಪೌರತ್ವದ ಅರ್ಜಿಗೆ ವರ್ಷಗಳ ಮೇಲೆ ಬೇಕಾಗುತ್ತದೆ. ಫೇಲಾದರೆ 7 ದಿನ ಕಾಯಬೇಕು, ಮತ್ತೆ 50 ಪೌಂಡ್. ಎಷ್ಟು ಸಲ ಬೇಕಾದರೂ ಬರೆಯಬಹುದು.

ಪೌರತ್ವದ ಅರ್ಜಿಯಲ್ಲಿ ಸಿಕ್ಕಿಬೀಳುವುದು ದಿನಗಳ ಲೆಕ್ಕದಲ್ಲಿ. ಸಾಮಾನ್ಯ ದಾರಿಯಲ್ಲಿ 5 ವರ್ಷದಲ್ಲಿ 450 ದಿನಕ್ಕಿಂತ, ಕೊನೆಯ 12 ತಿಂಗಳಲ್ಲಿ 90 ದಿನಕ್ಕಿಂತ ಹೆಚ್ಚು ದೇಶದ ಹೊರಗಿರಬಾರದು. ಬ್ರಿಟಿಷ್ ಪ್ರಜೆಯನ್ನು ಮದುವೆಯಾದವರಿಗೆ 3 ವರ್ಷ, 270 ದಿನ, ಅದೇ 90. ಹೊರಟ ದಿನ ಮತ್ತು ಬಂದ ದಿನ ಎಣಿಕೆಗಿಲ್ಲ: ಜನವರಿ 1ಕ್ಕೆ ಹೊರಟು 31ಕ್ಕೆ ಬಂದಿಳಿದರೆ ಗೈರು 29 ದಿನ. ಬಾಣಂತನಕ್ಕೆ ತವರಿಗೆ ಹೋದವರು, ಊರಲ್ಲಿ ಅಪ್ಪ ಅಮ್ಮನ ಆಸ್ಪತ್ರೆಯ ಓಡಾಟಕ್ಕೆ ನಿಂತವರು ಈ 90ರಲ್ಲೇ ಸಿಕ್ಕಿಕೊಳ್ಳುತ್ತಾರೆ. ಅಂಥವರು ಅರ್ಜಿಯನ್ನು ಕೆಲವು ತಿಂಗಳು ಮುಂದೂಡಿದರೆ ಲೆಕ್ಕ ಸರಿಹೋಗುತ್ತದೆ, ಹಣ ಕಳೆದುಕೊಳ್ಳುವುದು ತಪ್ಪುತ್ತದೆ. ಇನ್ನೊಂದು ಕಣ್ಣಿಗೆ ಬೀಳದ ನಿಯಮ: ಅರ್ಜಿ ತಲುಪುವ ದಿನದಿಂದ ಸರಿಯಾಗಿ 5 ವರ್ಷ (ಮದುವೆಯ ದಾರಿಯಲ್ಲಿ 3 ವರ್ಷ) ಹಿಂದಿನ ಆ ದಿನ ನೀವು ಯುಕೆಯ ನೆಲದಲ್ಲಿರಬೇಕು. ಆ ದಿನ ಬೆಂಗಳೂರಿನಲ್ಲಿದ್ದಿರಾದರೆ ಅರ್ಜಿಯ ತಾರೀಖನ್ನೇ ಬದಲಾಯಿಸಿ. ಐದು ವರ್ಷದ ಟಿಕೆಟ್ಟು, ಪಾಸ್‌ಪೋರ್ಟಿನ ಮೊಹರು ಎರಡನ್ನೂ ಇಟ್ಟುಕೊಂಡು ಪಟ್ಟಿ ಮಾಡುವುದೊಂದೇ ನಂಬಬಹುದಾದ ದಾರಿ.

ನಿಮ್ಮ ಗುರುತಿಗೆ ಸಾಕ್ಷಿ ಹೇಳುವ ಇಬ್ಬರು ರೆಫರಿಗಳು ಬೇಕು, ನಿಮ್ಮನ್ನು ಕನಿಷ್ಠ 3 ವರ್ಷದಿಂದ ಬಲ್ಲವರು. ಒಬ್ಬರು ಶಿಕ್ಷಕರೋ ಲೆಕ್ಕಪರಿಶೋಧಕರೋ ಅಂಥ ವೃತ್ತಿಯವರು, ಯಾವ ದೇಶದವರಾದರೂ ಸರಿ. ಇನ್ನೊಬ್ಬರು ಬ್ರಿಟಿಷ್ ಪಾಸ್‌ಪೋರ್ಟ್ ಇರುವವರು. ನೆಂಟರು ಆಗುವುದಿಲ್ಲ, ಆ ಇಬ್ಬರೂ ಪರಸ್ಪರ ನೆಂಟರಾಗಿರಬಾರದು. 2025ರ ಏಪ್ರಿಲ್‌ನಲ್ಲಿ ಶುಲ್ಕ 1,605 ಪೌಂಡ್ ಆಯಿತು, ಸಮಾರಂಭಕ್ಕೆ ಬೇರೆ 130. ಅರ್ಜಿ ತಿರಸ್ಕಾರವಾದರೆ ಆ 130 ಮಾತ್ರ ವಾಪಸ್. ಶುಲ್ಕ ಏರುತ್ತಲೇ ಇರುತ್ತದೆ, ಕಟ್ಟುವ ದಿನದ ದರ ನೋಡಿಕೊಳ್ಳಿ.

ಒಪ್ಪಿಗೆ ಬಂದ ಮೇಲೆ 3 ತಿಂಗಳೊಳಗೆ ಸ್ಥಳೀಯ ಕೌನ್ಸಿಲ್ ನಡೆಸುವ ಸಮಾರಂಭಕ್ಕೆ ಹೋಗಬೇಕು. ದೊರೆಗೆ ನಿಷ್ಠೆಯ ವಚನವನ್ನು ದೇವರ ಹೆಸರಿನಲ್ಲಿ ಹೇಳಬಹುದು, ಬೇಡವೆಂದರೆ ದೇವರ ಹೆಸರಿಲ್ಲದೆಯೂ ಹೇಳಬಹುದು. ಯಾವುದು ಎಂದು ಮೊದಲೇ ತಿಳಿಸಿ. ವಚನ ಹೇಳಿದ ಆ ಗಳಿಗೆಯಿಂದ ನೀವು ಬ್ರಿಟಿಷ್ ಪ್ರಜೆ. ಸರ್ಟಿಫಿಕೇಟ್ ಕೈಗೆ ಬಂದ ತಕ್ಷಣ, ಸಭಾಂಗಣ ಬಿಡುವ ಮೊದಲೇ, ಹೆಸರಿನ ಸ್ಪೆಲ್ಲಿಂಗ್ ಮತ್ತು ಹುಟ್ಟಿದ ತಾರೀಖು ಓದಿ ನೋಡಿ.

ಭಾರತದ 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಆ ಗಳಿಗೆಯಲ್ಲೇ ಭಾರತದ ಪೌರತ್ವವೂ ಮುಗಿಯುತ್ತದೆ. ಭಾರತದ ಪಾಸ್‌ಪೋರ್ಟ್ ಮೇಲೆ ಆಮೇಲೆ ಪ್ರಯಾಣ ಮಾಡುವಂತಿಲ್ಲ. ಆದ್ದರಿಂದ ಸಮಾರಂಭದ ಮರುವಾರಕ್ಕೆ ಊರಿನ ಟಿಕೆಟ್ ತೆಗೆಯಬೇಡಿ. ಮೊದಲು ಬ್ರಿಟಿಷ್ ಪಾಸ್‌ಪೋರ್ಟ್, ನಂತರ ಹಳೆಯ ಪಾಸ್‌ಪೋರ್ಟ್ ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್, ಅದರ ಮೇಲೆ ಒಸಿಐ, ಅಂದರೆ ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ ಕಾರ್ಡ್. ಒಸಿಐ ಇದ್ದರೆ ವೀಸಾ ಇಲ್ಲದೆ ಎಷ್ಟು ದಿನ ಬೇಕಾದರೂ ಊರಲ್ಲಿರಬಹುದು. ಮತ ಹಾಕುವಂತಿಲ್ಲ, ಕೃಷಿ ಜಮೀನಾಗಲಿ ತೋಟವಾಗಲಿ ಕೊಳ್ಳುವಂತಿಲ್ಲ. ಹಿರಿಯರಿಂದ ಬರುವ ಹೊಲ, ಅಡಿಕೆ ತೋಟ ವಾರಸುದಾರಿಕೆಯಲ್ಲಿ ಬರಬಹುದು. ಮನೆಯ ಆಸ್ತಿ ಪಾಲಿನ ಮಾತು ಬಾಕಿಯಿದ್ದರೆ ಅರ್ಜಿ ಹಾಕುವ ಮೊದಲೇ ಊರಿನ ವಕೀಲರ ಹತ್ತಿರ ಒಮ್ಮೆ ಕೂತು ಮಾತಾಡಿ, ಪಹಣಿಯಲ್ಲಿರುವ ಹೆಸರೂ ಪಾಸ್‌ಪೋರ್ಟಿನ ಹೆಸರೂ ಹೊಂದುತ್ತವೆಯೇ ಎಂದು ಆಗಲೇ ನೋಡಿಸಿಕೊಳ್ಳಿ.